ಮಸೀದಿಯ ನೆಲದ ಓರೆ ಗೆರೆಗಳು

ನಮ್ಮ ಮನೆಯಲ್ಲಿ ಸೊಟ್ಟಗಿರಲು ಅಪ್ಪಣೆ ಇದ್ದದ್ದು ಅಜ್ಜಿಯ ಬೆನ್ನಿಗೆ ಮಾತ್ರ. ಉಳಿದದ್ದೆಲ್ಲ ನೆಟ್ಟಗಿರಬೇಕು. ಗೋಡೆಯ ಕ್ಯಾಲೆಂಡರ್ ಒಂದು ಬೆರಳು ವಾಲಿದ್ದರೂ ಅಪ್ಪಯ್ಯ ಕೆಲಸದಿಂದ ಬಂದವರೇ, ಅಮ್ಮ ಚಾಚಿದ ನೀರಿನ ಚೆಂಬನ್ನು ಮುಟ್ಟದೆ, ಮೊದಲು ಅದನ್ನು ಸರಿಮಾಡುತ್ತಿದ್ದರು. ಊಟದ ಮಣೆಗಳು ಗೋಡೆಗೆ ಸಮಾನಾಂತರವಾಗಿರಬೇಕು. ಮಲಗುವ ಚಾಪೆಯ ಅಂಚು ನೆಲದ ಗೆರೆಗೆ ಕೂಡಬೇಕು. ಮುಂದೆ ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಹೊಟ್ಟೆ ಹೊರೆದವಳು. ಸಮಾನಾಂತರ ಎಂದರೇನೆಂದು ನನಗೆ ಮೊದಲು ಕಲಿಸಿದ್ದು ಆ ಮಣೆಗಳು. ಅಪ್ಪಯ್ಯ ಗಾರೆ ಮೇಸ್ತ್ರಿ. ಕುಂದಾಪುರ ಪೇಟೆಯಲ್ಲಿ ಮಸೀದಿ ಓಣಿಯ ತುದಿಗಿದ್ದ ನಮ್ಮ ಮೂರು ಕೋಣೆಯ ಮನೆಯನ್ನು ಅವರೇ ಕಟ್ಟಿದ್ದು. ಯುಗಾದಿಯ ಆಸುಪಾಸಿನಲ್ಲಿ ಬೆಳಗಿನ ಬಿಸಿಲು ಎದುರು ಬಾಗಿಲಿನಿಂದ ಹೊಕ್ಕು, ನಡುಮನೆ ದಾಟಿ, ಅಡುಗೆಮನೆಯ ಹಿಂಬಾಗಿಲ ಹೊಸ್ತಿಲ ಮೇಲೆ ಬೀಳುತ್ತಿತ್ತು. ಅದನ್ನು ತೋರಿಸಲು ಅಪ್ಪಯ್ಯ ನಮ್ಮನ್ನೆಲ್ಲ ಎಬ್ಬಿಸುತ್ತಿದ್ದರು. ಅಮ್ಮ ಒಲೆ ಊದುತ್ತಲೇ ಹೇಳುತ್ತಿದ್ದಳು:

“ಬಿಸ್ಲಿಗೂ ಒಂದ್ ಮಣೆ ಹಾಕ್ತೆ. ಕೂತ್ಕಂಡ್ ಕಾಫಿ ಕುಡ್ಕಂಡ್ ಹೋಯ್ಲಿ.”

ಅಪ್ಪಯ್ಯನಿಗೆ ದಿಕ್ಕು ನೋಡಲು ಯಂತ್ರ ಬೇಡ. ಪಾಯ ತೋಡುವ ಮೊದಲು ಜಾಗವನ್ನು ಮಟ್ಟ ಮಾಡಿಸಿ, ಸೆಗಣಿ ಸಾರಿಸಿ, ನಡುವೆ ನೆಟ್ಟಗಿನ ಒಂದು ಕೋಲು ನೆಡುತ್ತಿದ್ದರು. ಅದಕ್ಕೆ ಶಂಕು ಎನ್ನುತ್ತಿದ್ದರು. ಅದರ ಸುತ್ತ ನೂಲು ಹಿಡಿದು ವೃತ್ತ ಎಳೆಯುವುದು. ಬೆಳಿಗ್ಗೆ ಕೋಲಿನ ನೆರಳಿನ ತುದಿ ವೃತ್ತವನ್ನು ಮುಟ್ಟಿದಲ್ಲಿ ಒಂದು ಗುರುತು, ಮಧ್ಯಾಹ್ನ ಕಳೆದು ಇನ್ನೊಂದು ಬದಿಗೆ ಮುಟ್ಟಿದಲ್ಲಿ ಮತ್ತೊಂದು ಗುರುತು. ಎರಡನ್ನೂ ಕೂಡಿಸಿದರೆ ಮೂಡು-ಪಡು, ಎಂದರೆ ಪೂರ್ವ-ಪಶ್ಚಿಮದ ಗೆರೆ ಸಿಕ್ಕಿತು. ಆ ಒಂದು ದಿನ ಅವರು ಜಾಗ ಬಿಟ್ಟು ಕದಲುತ್ತಿರಲಿಲ್ಲ, ಗಂಜಿಯನ್ನೂ ಅಲ್ಲಿಗೇ ಒಯ್ಯಬೇಕಿತ್ತು. ಕಿರಿಮಂಜೇಶ್ವರದಿಂದ ಬ್ರಹ್ಮಾವರದವರೆಗೆ ಜನ ಅವರನ್ನು ಹುಡುಕಿಕೊಂಡು ಬರುತ್ತಿದ್ದದ್ದು ಇದಕ್ಕಾಗಿಯೇ. ಈ ಮೇಸ್ತ್ರಿಯ ದಿಕ್ಕು ತಪ್ಪುವುದಿಲ್ಲ ಎಂಬ ಮಾತು ಒಂದಿತ್ತು. ನಮಗೆ ಗದ್ದೆ ಇರಲಿಲ್ಲ, ತೋಟ ಇರಲಿಲ್ಲ, ಆ ಮಾತೊಂದಿತ್ತು. ಅದರ ಮೇಲೆ ನಮ್ಮ ಅನ್ನ, ಅಮ್ಮನ ನಡಿಗೆಯ ಠೀವಿ, ಶಾಲೆಯಲ್ಲಿ ನನ್ನ ಜಂಬ ಎಲ್ಲವೂ ನಿಂತಿತ್ತು.

ಓಣಿಯ ಮಸೀದಿ ಆಗ ಹಂಚಿನದು. ದೂರದಿಂದ ನೋಡಿದರೆ ಯಾರೋ ಉಳ್ಳವರ ಮನೆ ಅನ್ನಬೇಕು, ಹಾಗಿತ್ತು. ತಗ್ಗಿನ ಮಾಡು, ಮರದ ಕಂಬ, ಕೈಕಾಲು ತೊಳೆಯಲು ಒಂದು ಕಲ್ಲಿನ ಕೊಳ. ಅದರ ಕಮಿಟಿಯ ಅಧ್ಯಕ್ಷರು ಇಬ್ರಾಹಿಂ ಸಾಹೇಬರು, ಹಂಚಿನ ವ್ಯಾಪಾರದವರು. ಅವರ ಹೆಂಡತಿ ಫಾತಿಮಮ್ಮ ಅಮ್ಮನ ಗೆಳತಿ. ಸಂಜೆ ಮಲ್ಲಿಗೆ ಮೊಗ್ಗು ಕಟ್ಟಲು ನಮ್ಮಲ್ಲಿಗೆ ಬಂದರೆ ಮಾತು ಮುಗಿಯುತ್ತಲೇ ಇರಲಿಲ್ಲ. ನಮಾಜಿನ ಹೊತ್ತಾದರೆ ನಮ್ಮ ನಡುಮನೆಯಲ್ಲೇ ಚಾಪೆ ಹಾಸಿಕೊಳ್ಳುತ್ತಿದ್ದರು. ಅವರು ಹಾಸುತ್ತಿದ್ದದ್ದು ಗೋಡೆಗೆ ಓರೆಯಾಗಿ. ಅಪ್ಪಯ್ಯ ಮನೆಯಲ್ಲಿದ್ದರೆ, ಫಾತಿಮಮ್ಮ ಕೈಕಾಲು ತೊಳೆದು ಬರುವಷ್ಟರಲ್ಲಿ ಚಾಪೆಯನ್ನು ಗೋಡೆಗೆ ಸರಿಯಾಗಿ ಎಳೆದಿಡುತ್ತಿದ್ದರು, ಉಪಕಾರವೆಂದೇ. ಫಾತಿಮಮ್ಮ ಬಂದು, ಏನೂ ಅನ್ನದೆ, ಕಾಲಿನಿಂದ ಮೆಲ್ಲಗೆ ಮತ್ತೆ ಓರೆ ಮಾಡಿ ನಿಲ್ಲುತ್ತಿದ್ದರು. ನಾನು ಇದನ್ನು ಎಷ್ಟು ಸಲ ನೋಡಿದ್ದೇನೋ. ನೋಡಿ ನಕ್ಕಿದ್ದೇನೆ. ಯಾಕೆ ಎಂದು ಒಮ್ಮೆಯೂ ಕೇಳಲಿಲ್ಲ. ನಾನು ಕೇಳಿದ್ದರೆ ಅವರು ಹೇಳುತ್ತಿದ್ದರು. ಆಗ ನನಗೆ ಹತ್ತು ವರ್ಷ, ಬಾಯಿಗೇನೂ ಬರ ಇರಲಿಲ್ಲ.

ಮಳೆಗಾಲ ಮುಗಿದ ಮೇಲೆ ಒಂದು ದಿನ ಸಾಹೇಬರು ನಕ್ಷೆಯ ಸುರುಳಿ ಹಿಡಿದು ನಮ್ಮ ಜಗಲಿಗೆ ಬಂದರು. ಊರಿನ ಮಕ್ಕಳು ಕುವೈತು, ದುಬೈ ಸೇರಿದ್ದರು. ಹಳೆಯ ಮಸೀದಿಯಲ್ಲಿ ಶುಕ್ರವಾರ ಜನ ಹಿಡಿಸುತ್ತಿರಲಿಲ್ಲ. ಹೊಸದು ಕಾಂಕ್ರೀಟಿನದು, ಒಂದು ದೊಡ್ಡ ಗುಮ್ಮಟ, ಎರಡು ಮಿನಾರ. ಇಂಜಿನಿಯರ್ ಮಂಗಳೂರಿನವರು, ಅವರು ತಿಂಗಳಿಗೊಮ್ಮೆ ಬಂದು ಹೋಗುವುದು. ನೆಲದ ಮೇಲೆ ನೂಲು ಹಾಕುವುದರಿಂದ ಹಿಡಿದು ಗುಮ್ಮಟದ ತುದಿಯ ಚಂದ್ರ ಇಡುವವರೆಗೆ ಎಲ್ಲ ಅಪ್ಪಯ್ಯನದೇ.

“ಪಡು ಮುಖ ಇರ್ಲಿ ಮೇಸ್ತ್ರಿ, ಹಳೇದ್ ಹ್ಯಾಂಗಿತ್ತೋ ಹಾಂಗೇ,” ಎಂದರು ಸಾಹೇಬರು. “ದಿಕ್ಕಿನ್ ವಿಷಯ ನಿಮ್ಗ್ ಹೇಳುದ್ ಎಂತ.”

ಆ ರಾತ್ರಿ ಅಪ್ಪಯ್ಯ ಊಟ ಮಾಡಲಿಲ್ಲ, ಅನ್ನದಲ್ಲಿ ಗುಮ್ಮಟ ಮಾಡಿದರು. ಕೊಚ್ಚಕ್ಕಿ ಅನ್ನವನ್ನು ಬಟ್ಟಲಿಗೆ ಒತ್ತಿ ಬೋರಲು ಹಾಕಿ, ಭಾರ ಹೇಗೆ ಸುತ್ತಲೂ ಇಳಿದು ಗೋಡೆಗೆ ಬರುತ್ತದೆ ಎಂದು ಬೆರಳಿನಲ್ಲಿ ತೋರಿಸಿದರು. ಅಮ್ಮ ಬಂಗುಡೆ ಸಾರಿನ ಸೌಟು ಹಿಡಿದು ಎಷ್ಟೋ ಹೊತ್ತು ಕಾದು, ಕೊನೆಗೆ ಗುಮ್ಮಟದ ನೆತ್ತಿಯ ಮೇಲೇ ಸುರಿದುಬಿಟ್ಟಳು. ಎಲ್ಲರೂ ನಕ್ಕೆವು. ನಮ್ಮ ಮನೆಯಲ್ಲಿ ಹಾಗೆ ಎಲ್ಲರೂ ಒಟ್ಟಿಗೆ ನಕ್ಕದ್ದು ನನಗೆ ನೆನಪಿರುವುದು ಆ ಒಂದು ವರ್ಷದಲ್ಲಿ ಮಾತ್ರ.

ಹಳೆಯ ಕಟ್ಟಡ ಬಿಚ್ಚಿದರು. ಹೊಸದು ಏಳುವವರೆಗೆ ನಮಾಜಿಗೆಂದು ಹಳೆಯ ಕೊಳದ ಅಂಚಿನ ಗುಂಟ ತಗಡಿನ ಚಪ್ಪರ ಎದ್ದಿತು. ಅಪ್ಪಯ್ಯ ಶಂಕು ನೆಟ್ಟು ಕೂತರು. ಸಂಜೆ ಮನೆಗೆ ಬಂದವರ ಮುಖ ಅರಳಿತ್ತು. ಮಣೆಯ ಮೇಲೆ ಕೂತವರೇ ಅಜ್ಜಿಗೆ ಹೇಳಿದರು:

“ಹಳಬ್ರ್ ದಿಕ್ಕ್ ತಪ್ಸಿರ್ ಕಾಣ್ ಅಬ್ಬಿ. ಹಳೇ ಪಾಯ ಇತ್ತಲೆ, ಪಡು ಗ್ವಾಡಿ ಪೂರ್ತಿ ಬಡಗ್ ಬದಿಗ್ ತಿರ್ಗಿತ್. ಓಣಿ ಹ್ಯಾಂಗಿತ್ತೋ ಹಾಂಗೆ ಕಟ್ಟಿ ಬಿಟ್ಟಿರ್. ನಾನ್ ಎಲ್ಲ ಸರಿ ಮಾಡಿ ನೂಲ್ ಹಾಕ್ದೆ.”

“ಅವ್ರ ಹತ್ರ ಒಂದ್ ಮಾತ್ ಕೇಂಡ್ಯಾ?” ಎಂದಳು ಅಜ್ಜಿ.

“ಕೇಂಬುಕೆ ಎಂತ ಇತ್ತ್? ಪಡು ಅಂದ್ರೆ ಪಡುವೇ ಅಲ್ದಾ. ಸೂರ್ಯ ಇವ್ರಿಗೊಂದ್ ಅವ್ರಿಗೊಂದ್ ಅಂತ ಇತ್ತಾ?”

ನನಗಂತೂ ಅಪ್ಪಯ್ಯನ ಮಾತು ಎಷ್ಟು ದೊಡ್ಡದಾಗಿ ಕಂಡಿತೆಂದರೆ ಮರುದಿನ ಶಾಲೆಯಲ್ಲಿ ಹೇಳಿಕೊಂಡು ತಿರುಗಿದೆ. ಅವರು ಯಾರಿಗೂ ಹೇಳದೆ ಮಸೀದಿಗೆ ಮಾಡಿದ ಸೇವೆ ಅದು. ಬೇರೆ ಯಾವ ಮೇಸ್ತ್ರಿಯಾದರೂ ಹಳೆಯ ಪಾಯದ ಗುಂಟ ನೂಲು ಎಳೆದು ಮನೆಗೆ ಹೋಗುತ್ತಿದ್ದ. ಕೆಲಸ ಕಡಿಮೆ ಗೊತ್ತಿದ್ದವರಾಗಿದ್ದರೆ ಅಪ್ಪಯ್ಯನಿಂದಲೂ ಮುಂದೆ ಬಯಲಾದ ಆ ತಪ್ಪು ಆಗುತ್ತಿರಲಿಲ್ಲ. ಇದನ್ನು ಯೋಚಿಸಿದಾಗೆಲ್ಲ ನನಗೆ ಈಗಲೂ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ತಿಳಿಯುವುದಿಲ್ಲ.

ಕಂಬಗಳು ಎದ್ದವು. ಗುಲ್ವಾಡಿ ಕಡೆಯಿಂದ ಹೊಳೆಯ ಮರಳು ದೋಣಿಯಲ್ಲಿ ಬಂತು. ಗುಮ್ಮಟಕ್ಕೆ ಕಾಂಕ್ರೀಟು ಹಾಕಿದ ದಿನ ಅಮ್ಮ ಹೆಸರುಬೇಳೆ ಪಾಯಸ ಮಾಡಿದಳು; ಯಾವ ಮನೆಯ ತಾರಸಿಯಾದರೂ ಆ ದಿನ ನಮ್ಮಲ್ಲಿ ಪಾಯಸ ಇರುತ್ತಿತ್ತು. ಗುಮ್ಮಟಕ್ಕೆಂದು ಒಂದು ಹಿಡಿ ಬೇಳೆ ಹೆಚ್ಚು ಹಾಕಿದಳಂತೆ. ಹೊಸ ಕಟ್ಟಡವೂ ಪಕ್ಕದ ಚಪ್ಪರವೂ ಒಂದಕ್ಕೊಂದು ಓರೆಯಾಗಿ ನಿಂತದ್ದು ಓಣಿಯ ಎಲ್ಲರ ಕಣ್ಣಿಗೂ ಬಿದ್ದಿತ್ತು. ಚಪ್ಪರ ಅವಸರದಲ್ಲಿ ಕಟ್ಟಿದ್ದು, ಸೊಟ್ಟಗಾಗಿದೆ ಎಂದುಕೊಂಡರು. ನಮಾಜಿಗೆ ದಿನಾ ಅಲ್ಲಿ ನಿಲ್ಲುವವರೂ ಹಾಗೇ ಅಂದುಕೊಂಡರು. ಮೇಸ್ತ್ರಿಯ ದಿಕ್ಕು ತಪ್ಪುವುದಿಲ್ಲ ಎಂಬ ಆ ಮಾತು ಎಲ್ಲರ ಬಾಯಿಗೂ ಬೀಗ ಹಾಕಿತ್ತು.

ಆಮೇಲೆ ಅಲಂಕಾರ. ಗುಡಿಯ ಗೋಡೆಗೆ ಗಿಳಿ, ಆನೆ, ಹಂಸ ಮಾಡಿ ಪಳಗಿದ ಕೈ ಅಪ್ಪಯ್ಯನದು. ಇಲ್ಲಿ ಜೀವ ಇರುವ ಯಾವುದೂ ಕೂಡದು. ಬಳ್ಳಿ, ಎಲೆ, ಹೂವು, ನಕ್ಷತ್ರ, ಅಷ್ಟೇ. ಮೊದಲ ವಾರ ಒದ್ದಾಡಿದರು, ಬಳ್ಳಿ ತಿರುಗಿದಲ್ಲೆಲ್ಲ ಕೈ ತನ್ನಷ್ಟಕ್ಕೆ ಹಕ್ಕಿಯ ಕೊಕ್ಕು ತೆಗೆಯಲು ಹೋಗುತ್ತಿತ್ತು. ರೂಢಿಯಾಗಲೆಂದು ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಗಾರೆಯ ಬಳ್ಳಿ ಹಬ್ಬಿಸಿದರು. ಒಗ್ಗರಣೆಯ ಜಿಡ್ಡು ಹೂವಿನ ಎಸಳಿಗೆಲ್ಲ ಹತ್ತುತ್ತದೆಂದು ಅಮ್ಮ ಜಗಳ ತೆಗೆದಳು. ಜಗಳ ಎರಡು ದಿನ ನಡೆಯಿತು, ಮೂರನೆಯ ದಿನ ಅವಳೇ ಒಂದು ಎಲೆ ಸಣ್ಣದಾಯಿತು ನೋಡಿ ಎಂದು ತೋರಿಸಿದಳು. ಕಿಟಕಿಗಳಿಗೆ ನಕ್ಷತ್ರದ ಜಾಲಂಧ್ರ, ಅದರ ಮೇಲೆ ಹಸಿರು, ನೀಲಿ ಗಾಜು. ಎಲ್ಲಕ್ಕಿಂತ ಹೆಚ್ಚು ಅವರು ಮನಸ್ಸಿಟ್ಟದ್ದು ಪಡುಗೋಡೆಯ ನಡುವಿನ ಕಮಾನಿನ ಗೂಡಿಗೆ. ಇಮಾಮರು ಅದರೊಳಗೆ ನಿಂತು ನಮಾಜು ನಡೆಸುತ್ತಾರೆ, ಹಿಂದೆ ನಿಂತ ಅಷ್ಟೂ ಜನರ ಮುಖ ಅದರ ಕಡೆಗಿರುತ್ತದೆ ಎಂದು ಸಾಹೇಬರು ಹೇಳಿದ್ದರು. ಎರಡು ತಿಂಗಳು ಅವರೊಬ್ಬರೇ ಹಲಗೆಯ ಮೇಲೆ ಕೂತು ಆ ಗೂಡಿನ ಸುತ್ತ ಬಳ್ಳಿ ಏರಿಸಿದರು. ಬೇರೆಯವರ ಕರಣೆ ಅಲ್ಲಿ ತಾಗಲಿಲ್ಲ.

ಕೆಲಸ ಮುಗಿಯಲು ಒಂದು ವಾರ ಇತ್ತು. ಭಾನುವಾರ ಮಧ್ಯಾಹ್ನ ನಾನು ಗಂಜಿಯ ತೂಕುಪಾತ್ರೆ ಹಿಡಿದು ಹೋದಾಗ ಸಾಹೇಬರ ಅಳಿಯ, ಹಿಂದಿನ ದಿನ ಕುವೈತಿನಿಂದ ಬಂದವರು, ಅಂಗೈ ಮೇಲೆ ಸಣ್ಣ ಡಬ್ಬಿಯೊಂದನ್ನು ಇಟ್ಟುಕೊಂಡು ಗೂಡಿನ ಎದುರು ನಿಂತಿದ್ದರು. ಒಳಗೊಂದು ಮುಳ್ಳು. ಮೆಕ್ಕಾ ಯಾವ ಕಡೆ ಎಂದು ಅದು ತೋರಿಸುತ್ತದಂತೆ. ಅವರು ಡಬ್ಬಿ ತಿರುಗಿಸಿದರು, ಹಿಂದೆ ಬಂದರು, ನೆಲದ ಮೇಲಿಟ್ಟರು. ಮುಳ್ಳು ಗೂಡನ್ನು ಬಿಟ್ಟು ಉತ್ತರಕ್ಕೆ, ಬಡಗಿನ ಮೂಲೆಯ ಕಡೆಗೇ ಹೋಗಿ ನಿಲ್ಲುತ್ತಿತ್ತು.

“ಮುಳ್ಳ್ ಹಾಳಾಯ್ತ್ ಕಾಂತ್,” ಎಂದರು ಸಾಹೇಬರು.

ಅಳಿಯ ಡಬ್ಬಿಯನ್ನು ಹೊರಗೆ ಒಯ್ದು ಚಪ್ಪರದಲ್ಲಿಟ್ಟು ನೋಡಿದರು. ಅಲ್ಲಿ ಮುಳ್ಳು ಚಪ್ಪರದ ಗುಂಟ ನೆಟ್ಟಗೆ ನಿಂತಿತು. ಹಳೆಯ ಮಸೀದಿಯ ಹಿರಿಯರಿಗೆ ದಿಕ್ಕು ಸರಿಯಾಗಿ ಗೊತ್ತಿತ್ತು. ಮೆಕ್ಕಾ ಇರುವುದು ನಮ್ಮ ಊರಿಗೆ ಸರಿ ಪಡುವಿಗಲ್ಲ, ಪಡುವಿನಿಂದ ಬಡಗಿಗೆ ಸರಿದು. ಅಪ್ಪಯ್ಯ ಹಲಗೆಯಿಂದ ಇಳಿದು ಬಂದು ಬಾಗಿಲಲ್ಲಿ ನಿಂತು ಒಮ್ಮೆ ಚಪ್ಪರ ನೋಡಿದರು, ಒಮ್ಮೆ ಗೋಡೆ ನೋಡಿದರು. ನನಗೆ ನಮ್ಮ ನಡುಮನೆಯಲ್ಲಿ ಫಾತಿಮಮ್ಮ ಓರೆ ಮಾಡುತ್ತಿದ್ದ ಚಾಪೆ ಕಣ್ಣಿಗೆ ಬಂತು. ಅಪ್ಪಯ್ಯ ಕೈ ತೊಳೆದು, ತೂಕು ಬಿಚ್ಚಿ, ಗಂಜಿಯನ್ನು ಪೂರ್ತಿ ಉಂಡರು. ಉಣ್ಣುವಾಗ ಅವರ ಕೈ ಬಾಯಿಗೆ ಹೋಗಲು ಬಹಳ ಹೊತ್ತು ತೆಗೆದುಕೊಳ್ಳುತ್ತಿತ್ತು.

ಸಂಜೆ ಸಾಹೇಬರು ನಮ್ಮ ಜಗಲಿಗೆ ಬಂದರು. ಅಮ್ಮ ಕೊಟ್ಟ ಚಹಾ ಇಬ್ಬರ ನಡುವೆ ಆರಿತು.

“ತಪ್ಪ್ ನಮ್ದ್ ಮೇಸ್ತ್ರಿ. ಪಡು ಅಂದ್ ಹೇಳಿ ಸುಮ್ಮನಾಯ್ತ್ ನಾವ್.”

“ಹಳೇದರ್ ಹಾಂಗೇ ಅಂದಿರಿ ನೀವ್. ನಾನೇ ತಿರ್ಗ್ಸಿದ್ದ್.” ಅಪ್ಪಯ್ಯ ಅದನ್ನು ಮುಚ್ಚಿಡಲಿಲ್ಲ. “ಆ ಗ್ವಾಡಿ ಒಡ್ದ್ ಮತ್ತೆ ಕಟ್ತೆ. ನಂಗೆ ಕೂಲಿ ಬ್ಯಾಡ.”

“ಗುಮ್ಮಟ ಹೊತ್ಕಂಡದ್ ಅದೇ ಗ್ವಾಡಿ ಅಲ್ದಾ. ಇಂಜಿನಿಯರ್ ಹತ್ರ ಕೇಂಡೆ, ಆತಿಲ್ಲ ಅಂದ್ರ್.”

“ಮತ್ತೆ ಎಂತ ಮಾಡುದ್?”

“ಎಂತದೂ ಬ್ಯಾಡ. ಸಾಲ್ ಓರೆ ಹಾಕಿರಾಯ್ತ್. ನಮಾಜ್ ಮಾಡುದ್ ಮನ್ಸ್ರ್, ಗ್ವಾಡಿ ಅಲ್ಲ.” ಸಾಹೇಬರು ದನಿ ತಗ್ಗಿಸಿ ಹೇಳಿದರು, “ಈ ಮಾತ್ ಹೊರ್ಗೆ ಹೋತಿಲ್ಲ. ನಾನ್ ಇಪ್ಪಲ್ಲಿವರಿಗೆ ಮೇಸ್ತ್ರಿ ತಪ್ಪ್ ಅಂತ ಒಬ್ಬರ್ ಬಾಯಲ್ಲೂ ಬಪ್ಪುಕೆ ಬಿಡುದಿಲ್ಲೆ.”

ಅಪ್ಪಯ್ಯನನ್ನು ಅವರು ಬೈದಿದ್ದರೆ ಒಳ್ಳೆಯದಿತ್ತು. ಬೈಗುಳಕ್ಕೆ ತಿರುಗಿ ಹೇಳಲು ಏನಾದರೂ ಇರುತ್ತದೆ. ಇಷ್ಟು ಒಳ್ಳೆಯತನದ ಎದುರು ಅವರಿಗೆ ಕೂರಲೂ ಆಗಲಿಲ್ಲ, ಏಳಲೂ ಆಗಲಿಲ್ಲ. ಸಾಹೇಬರು ಹೊರಡುವಾಗ ಇನ್ನೊಂದು ಮಾತು ಕೇಳಿದರು. ನೆಲದ ಮೇಲೆ ಸಾಲಿನ ಗೆರೆ ಹಾಕಬೇಕು, ಅದನ್ನು ಅಪ್ಪಯ್ಯನೇ ಹಾಕಿಕೊಡಬೇಕು. ಅವರು ಹೋದ ಮೇಲೆ ಅಮ್ಮ ಅತ್ತಳು.

“ನೀವ್ ಹೋಪುದ್ ಬ್ಯಾಡ. ನಿಮ್ಮ ಕೈಯ್ಯಲ್ಲೇ ಹಾಕ್ಸುದಾ ಅದನ್ನ?”

“ಬೇರೆಯವ್ರ್ ಹಾಕಿರೆ ಅದೂ ಸೊಟ್ಟ ಆತ್,” ಎಂದರು ಅಪ್ಪಯ್ಯ.

ಗೆರೆ ಹಾಕಲು ಅವರು ಆಳುಗಳನ್ನು ಕರೆಯಲಿಲ್ಲ. ನನ್ನನ್ನು ಕರೆದುಕೊಂಡು ಹೋದರು. ಸಾಹೇಬರು ಡಬ್ಬಿಯನ್ನು ನೆಲದ ನಡುವೆ ಇಟ್ಟು ಹೊರಗೆ ಹೋಗಿ ಕೂತರು. ಮುಳ್ಳು ನೋಡಿ ಅಪ್ಪಯ್ಯ ಮೊದಲ ಗೆರೆಯ ಜಾಗ ಗುರುತಿಸಿದರು. ಕಾವಿ ಹಚ್ಚಿದ ನೂಲಿನ ಒಂದು ತುದಿ ನನ್ನ ಹೆಬ್ಬೆರಳ ಕೆಳಗೆ, ಇನ್ನೊಂದು ತುದಿ ಅವರ ಕೈಯಲ್ಲಿ. ನೂಲನ್ನು ನಡುವೆ ಮೇಲೆತ್ತಿ ಬಿಟ್ಟರೆ ಟಪ್ ಎಂದು ನೆಲದ ಮೇಲೆ ಕೆಂಪು ಗೆರೆ ಮೂಡುತ್ತಿತ್ತು. ಅವರು ತಾವೇ ಮೂಲೆಮಟ್ಟ ಹಿಡಿದು ಚೌಕ ಮಾಡಿದ ಕೋಣೆಯಲ್ಲಿ ಗೆರೆಗಳು ಗೋಡೆಗೆ ಓರೆಯಾಗಿ ಹೋಗಿ ಹಾಯುತ್ತಿದ್ದವು. ಮುಂದಿನ ಮೂಲೆಯಲ್ಲೊಂದು, ಹಿಂದಿನ ಮೂಲೆಯಲ್ಲೊಂದು ತ್ರಿಕೋನ ಉಳಿಯಿತು, ಸಾಲಾಗಿ ನಿಲ್ಲಲು ಬಾರದ ಜಾಗ. ಇಮಾಮರು ನಿಲ್ಲುವ ಗುರುತು ಗೂಡಿನಿಂದ ಆಚೆ, ಬರಿಯ ಗೋಡೆಯ ಹತ್ತಿರ ಬಿತ್ತು. ಎರಡು ತಿಂಗಳು ಬಳ್ಳಿ ಏರಿಸಿದ ಗೂಡಿನ ಕಡೆಗೆ ಇನ್ನು ಯಾರೂ ಮುಖ ಮಾಡುವುದಿಲ್ಲ ಎಂದು ನನಗೂ ತಿಳಿಯಿತು. ಅಪ್ಪಯ್ಯ ಅದರ ಕಡೆ ನೋಡಲಿಲ್ಲ. ನೂಲು ಹಿಡಿದು ಕೂತು ಅವರ ಮುಖ ನೋಡುವುದು ಬಿಟ್ಟು ನನ್ನಿಂದ ಏನೂ ಆಗುವಂತಿರಲಿಲ್ಲ. ಕೊನೆಯ ಗೆರೆ ಮುಗಿದ ಮೇಲೆ ಬೈರಾಸಿನಲ್ಲಿ ಕುತ್ತಿಗೆ ಒರೆಸುತ್ತ ಕೇಳಿದರು:

“ಸರಿ ಬಂತಾ ಮಗಾ?”

“ಸರಿ ಇತ್ತ್ ಅಪ್ಪಯ್ಯ.”

ಒಂದು ಗೆರೆ ಸರಿಯಿದೆಯೇ ಎಂದು ಅವರು ಇನ್ನೊಬ್ಬರನ್ನು ಕೇಳಿದ್ದು ಅದೇ ಮೊದಲು. ಅದಾದ ಮೇಲೆ ಅವರು ಶಂಕು ನೆಡಲಿಲ್ಲ. ಬೇರೆ ಮೇಸ್ತ್ರಿಗಳ ಕೈಕೆಳಗೆ ಸಾರಣೆ ಮಾಡಿದರು, ತ್ರಾಸಿ ಕಡೆ ಹೋಟೆಲುಗಳ ಕಂಬಕ್ಕೆ ಹೂವು ಮಾಡಿದರು. ಯಾಕೆ ಎಂದು ಜನ ಕೇಳಿದರೆ ಬೆನ್ನುನೋವು ಎನ್ನುತ್ತಿದ್ದರು. ಸಾಹೇಬರು ಕೊಟ್ಟ ಮಾತು ಉಳಿಸಿಕೊಂಡರು, ಊರಿನಲ್ಲಿ ಒಬ್ಬರೂ ಏನೂ ಅನ್ನಲಿಲ್ಲ. ಮನೆಯಲ್ಲಿ ಚಾಪೆ ಹೇಗೆ ಬಿದ್ದರೂ ಅಪ್ಪಯ್ಯ ಅದರ ಮೇಲೆ ಹಾಗೇ ಮಲಗುತ್ತಿದ್ದರು. ಅಮ್ಮ ಕ್ಯಾಲೆಂಡರನ್ನು ಬೇಕೆಂದೇ ವಾಲಿಸಿ, ನೀರಿನ ಚೆಂಬು ಹಿಡಿದು ಕಾಯುವುದನ್ನು ನಾನು ಕದ್ದು ನೋಡಿದ್ದೇನೆ. ಅವರು ಚೆಂಬು ತೆಗೆದುಕೊಂಡು ನೀರು ಕುಡಿದು ಒಳಗೆ ಹೋಗುತ್ತಿದ್ದರು. ಅಮ್ಮನೇ ಅದನ್ನು ಸರಿಮಾಡುತ್ತಿದ್ದಳು. ನಾನು ಆ ಮನೆಯಲ್ಲಿ ದೊಡ್ಡವಳಾದೆ. ಕಲಿಸಿದಷ್ಟು ವರ್ಷವೂ ಮಕ್ಕಳ ಲೆಕ್ಕಕ್ಕೆ ಕೆಂಪು ಗೀಟು ಎಳೆಯುವ ಮೊದಲು ನನ್ನದೇ ತಪ್ಪೇನೋ ಎಂದು ಮೂರು ಸಲ ನೋಡುವವಳಾದೆ. ಜೊತೆಯ ಮೇಷ್ಟರುಗಳು ಇದನ್ನು ನನ್ನ ಒಳ್ಳೆಯ ಗುಣ ಎಂದು ಹೊಗಳಿದರು. ಒಳ್ಳೆಯ ಗುಣವೂ ಅಲ್ಲ, ಮಣ್ಣೂ ಅಲ್ಲ, ಅದು ಹೆದರಿಕೆ.

ಅಪ್ಪಯ್ಯ ಹೋದರು, ಸಾಹೇಬರೂ ಹೋದರು. ನಾನೀಗ ಬ್ರಹ್ಮಾವರದಲ್ಲಿ ಮಗಳ ಜೊತೆಗಿದ್ದೇನೆ. ಹೋದ ಚಳಿಗಾಲ ಆ ಮಸೀದಿಯಲ್ಲಿ ಎಲ್ಲ ಧರ್ಮದವರಿಗೂ ಬಾಗಿಲು ತೆರೆದಿಟ್ಟು, ಒಳಗೆ ಕರೆದು ತೋರಿಸುವ ಕಾರ್ಯಕ್ರಮ ಇತ್ತು. ಮಗಳು ಕರೆದುಕೊಂಡು ಹೋದಳು. ಅವಳಿಗೆ ಈ ಕತೆ ಗೊತ್ತಿಲ್ಲ. ನೆಲಕ್ಕೆ ಅಮೃತಶಿಲೆ ಬಂದಿದೆ, ಗುಮ್ಮಟದಿಂದ ದೊಡ್ಡ ದೀಪದ ಗೊಂಚಲು ಇಳಿದಿದೆ, ಎ.ಸಿ. ಹಾಕಿದ್ದಾರೆ. ಕಮಾನಿನ ಗೂಡಿಗೆ ಚಿನ್ನದ ಬಣ್ಣ ಬಳಿದಿದ್ದಾರೆ. ಅದರೊಳಗೆ ಒಂದು ನಿಲ್ಲುವ ಫ್ಯಾನ್ ಇಟ್ಟಿದ್ದರು. ಗೋಡೆಯಿಂದ ಗೋಡೆಗೆ ಹಸಿರು ರತ್ನಗಂಬಳಿ, ಅದರ ಸಾಲುಗಳು ಓರೆಯಾಗಿಯೇ ಇವೆ. ಎಲ್ಲವನ್ನೂ ವಿವರಿಸುತ್ತಿದ್ದ ಹುಡುಗ ಇಪ್ಪತ್ತೈದರ ಒಳಗಿನವನು, ಬಹಳ ಮರ್ಯಾದಸ್ಥ, ನನಗೆ ಕುರ್ಚಿ ತಂದುಕೊಟ್ಟ. ನಮ್ಮ ಗುಂಪಿನ ಒಬ್ಬರು ಕೇಳಿದರು:

“ಗೆರೆ ಎಂತಕ್ಕೆ ಹೀಂಗೆ ಓರೆ ಇತ್ತ್?”

“ಅದಾ? ಕಟ್ಟುವತಿಗೆ ಮೇಸ್ತ್ರಿ ದಿಕ್ಕ್ ತಪ್ಸಿದ್ದ್ ಗಡ,” ಎಂದ ಹುಡುಗ, ನಗುತ್ತ.

ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ. ಮಗಳೂ ನಕ್ಕಳು. ನನ್ನ ಮುಖ ಹೇಗಾಗಿತ್ತೋ ಏನೋ, ಹುಡುಗ ನನ್ನ ಕಡೆ ಬಗ್ಗಿ ಕೇಳಿದ:

“ನೀವ್ ಇದೇ ಓಣಿಯವ್ರ್ ಅಂದ್ರಲೆ ಅಮ್ಮ. ಆ ಮೇಸ್ತ್ರಿ ಯಾರ್ ಅಂದ್ ನಿಮ್ಗ್ ಗೊತ್ತಿತ್ತಾ?”

“ಇಲ್ಲೆ ಮಗಾ,” ಎಂದೆ.

ಅವನು ತಲೆಯಾಡಿಸಿ ಮುಂದಿನ ಗುಂಪಿನ ಕಡೆ ಹೋದ. ಬಾಯಿಂದ ಬಿದ್ದ ಮಾತನ್ನು ಹಿಂದೆ ತೆಗೆದುಕೊಳ್ಳಲು ನಾನು ಎದ್ದೆ, ಆದರೆ ಅಷ್ಟು ಜನರ ನಡುವೆ ಹೋಗಿ ಏನೆಂದು ಹೇಳುವುದು? ತಪ್ಪು ಮಾಡಿದವರು ನನ್ನ ಅಪ್ಪಯ್ಯ ಎಂದೇ, ಅಥವಾ ಅವರಷ್ಟು ದಿಕ್ಕು ತಿಳಿದವರು ಈ ಊರಿನಲ್ಲಿ ಇರಲಿಲ್ಲ ಎಂದೇ? ಎರಡೂ ನಿಜ, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಅವರು ಕೊಟ್ಟ ಶರಬತ್ತು ಕುಡಿದು ಮಗಳ ಕೈ ಹಿಡಿದು ಹೊರಗೆ ಬಂದೆ. ಮನೆಗೆ ಬಂದು ನನ್ನ ನೆನಪುಗಳ ಈ ಅಧ್ಯಾಯ ಬರೆಯಲು ಕೂತದ್ದು ಅಪ್ಪಯ್ಯನ ಹೆಸರನ್ನು ಒಂದು ಕಡೆಯಾದರೂ ಬರೆದಿಡಬೇಕೆಂದು. ಇಷ್ಟು ಬರೆದೆ. ಹಿಂದೆ ತಿರುಗಿಸಿ ನೋಡಿದರೆ ಎಲ್ಲೂ ಅವರ ಹೆಸರಿಲ್ಲ. ಈಗಲೂ ಬರೆಯಲು ಕೈ ಬರುತ್ತಿಲ್ಲ.